ಹಳದಿ ಮಾರ್ಗದಲ್ಲಿ, ಹೆಸರು ಸಿಗದ ಕಾಯಿಲೆಯೊಂದಿಗೆ

ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಒಂದೇ ಸಾಲಿನ ಕಂಬಗಳು ಎರಡು ದಾರಿಗಳನ್ನು ಹೊತ್ತು ನಿಂತಿವೆ. ಕೆಳಗಿನ ಅಂತಸ್ತಿನಲ್ಲಿ ಕಾರು, ಬೈಕು ಹರಿಯುವ ಫ್ಲೈಓವರು, ಮೇಲಿನ ಅಂತಸ್ತಿನಲ್ಲಿ ನಮ್ಮ ಹಳದಿ ಮಾರ್ಗದ ಮೆಟ್ರೊ. 2025ರ ಆಗಸ್ಟ್‌ನಲ್ಲಿ ಈ ರೈಲು ಓಡಲು ಶುರುವಾಗುವ ಮೊದಲು ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವುದೆಂದರೆ ಅರ್ಧ ದಿನವನ್ನು ರಸ್ತೆಗೆ ಬರೆದುಕೊಟ್ಟ ಹಾಗೇ. ಅದರಲ್ಲೂ ಕೂತಲ್ಲೇ ವಾಲುವ ಮಗುವನ್ನು ಮಡಿಲಲ್ಲಿಟ್ಟುಕೊಂಡು! ಈಗ ಪೀಣ್ಯ ಇಂಡಸ್ಟ್ರಿಯಲ್ಲಿ ಹಸಿರು ಮಾರ್ಗ ಹತ್ತಿ ಆರ್.ವಿ. ರಸ್ತೆಯಲ್ಲಿ ಬದಲಾಯಿಸಿದರೆ ಆಯಿತು. ಅಕ್ಕನ ಮಗಳು ಕಿಟಕಿಗೆ ಕೆನ್ನೆ ಒತ್ತಿಕೊಂಡು, ಕಾಲ ಕೆಳಗೆ ಓಡುವ ಲಾರಿಗಳನ್ನು ಕಂಡು ಕೇಕೆ ಹಾಕುತ್ತಿದ್ದಳು. ಎದುರು ಸೀಟಿನ ಐಡಿ ಕಾರ್ಡಿನ ಹುಡುಗರೆಲ್ಲ ಮೊಬೈಲಿನಿಂದ ತಲೆ ಎತ್ತಿ ನಕ್ಕರು. ಅಕ್ಕನೂ ನಕ್ಕಳು. ಅವಳ ತೊಡೆಯ ಮೇಲೆ ದಪ್ಪ ಫೈಲು.

ಆ ಫೈಲಿನ ಕತೆ ದೊಡ್ಡದು. ಓಡಾಡಿಕೊಂಡಿದ್ದ ಮಗು ಎರಡೂವರೆ ವರ್ಷಕ್ಕೆ ಎಡವತೊಡಗಿತು. ಆಮೇಲೆ ಫಿಟ್ಸ್ ಬಂತು, ಆಮೇಲೆ ನಿಲ್ಲುವುದೇ ನಿಂತಿತು. ಒಬ್ಬರು ವಿಟಮಿನ್ ಕಮ್ಮಿ ಅಂದರು, ಒಬ್ಬರು ಜ್ವರ ನೆತ್ತಿಗೇರಿದ್ದು ಅಂದರು. ಎಂಆರ್‌ಐ ನೋಡಿದವರು ಏನೋ ಇದೆ, ಏನು ಅಂತ ಹೇಳಲಾಗದು ಅಂದರು. ಕೈಯಲ್ಲಿದ್ದ ದುಡ್ಡು ಮುಗಿಯುವ ಹೊತ್ತಿಗೆ ಯಾರೋ ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆಯ ದಾರಿ ತೋರಿಸಿದರು. 2001ರ ಜನವರಿಯಲ್ಲಿ ಶುರುವಾದ, ಹೃದಯ ಮತ್ತು ನರರೋಗಗಳಿಗೆ ಹೆಸರಾದ ಆ ಆಸ್ಪತ್ರೆಯಲ್ಲಿ ಹಣ ಕಟ್ಟುವ ಕೌಂಟರೇ ಇಲ್ಲ. ಸುತ್ತ ಗಾಜಿನ ಐಟಿ ಕಟ್ಟಡಗಳು, ನಡುವೆ ಅರಮನೆಯಂಥ ಗುಮ್ಮಟ, ಅದರ ಕೆಳಗೆ ಉಚಿತ ಚಿಕಿತ್ಸೆ. ಸುಮ್ಮನೆ ನಿಂತು ನೋಡಬೇಕೆನ್ನಿಸುವ ಜಾಗ ಅದು. ಆದರೆ ಮಗುವಿಗೆ ಏನಾಗಿದೆ ಎಂಬ ಪ್ರಶ್ನೆ ನಮ್ಮನ್ನು ನಗರದ ಇನ್ನೊಂದು ಮೂಲೆಗೆ ಎಳೆಯಿತು.

ಅಕ್ಕನನ್ನು ಹಣ್ಣು ಮಾಡಿದ್ದು ಕಾಯಿಲೆಗಿಂತ ಹೆಚ್ಚಾಗಿ ಜನರ ಪ್ರಶ್ನೆ. 'ಏನಂತೆ? ರಿಪೋರ್ಟ್ ಬಂತಾ?' ಕ್ಯಾನ್ಸರ್ ಅಂದರೂ, ಪೋಲಿಯೊ ಅಂದರೂ ಕೇಳಿದವರು ಸುಮ್ಮನಾಗುತ್ತಾರೆ. ಗೊತ್ತಿಲ್ಲ ಅಂದರೆ ಮಾತ್ರ ಬಿಡುವುದಿಲ್ಲ. ಗ್ರಹಣದಲ್ಲಿ ಹೊರಗೆ ಹೋಗಿದ್ದೆಯಾ, ಹರಕೆ ಬಾಕಿ ಇದೆಯಾ, ಸಂಬಂಧದಲ್ಲಿ ಯಾಕೆ ಮದುವೆಯಾದೆ?

ನಾವು ಸಾಗರದ ಕಡೆಯವರು. ಇಂಥ ಪ್ರಶ್ನೆಗಳನ್ನು ಒಂದಿಡೀ ಊರು ಹೊತ್ತದ್ದನ್ನು ನಮ್ಮ ಹಿರಿಯರು ಕಂಡಿದ್ದಾರೆ. 1970ರ ದಶಕದ ನಡುವಿನಲ್ಲಿ ಹಂದಿಗೋಡಿನಲ್ಲಿ ದುಡಿಯುವ ಜನರ ಸೊಂಟ, ಮಂಡಿ ನೋಯತೊಡಗಿ, ನಡೆಯುತ್ತಿದ್ದವರು ಕೋಲು ಹಿಡಿದು, ಕೊನೆಗೆ ತೆವಳುವಂತಾಯಿತು. ಕಾಯಿಲೆ ಬಿದ್ದವರು ಬಹುಪಾಲು ದಲಿತ ಕೃಷಿಕೂಲಿಗಳು. ಗದ್ದೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಮೈ ಸೇರಿತೆಂಬ ಅನುಮಾನ ಮೊದಲು ಬಂತು. ಇದು ವಂಶದಲ್ಲಿ ಇಳಿದು ಬರುವ ಮೂಳೆಯ ದೋಷವೆಂದು ಸಂಶೋಧಕರು ಹೇಳಿದ್ದು ಬಹಳ ಆಮೇಲೆ. ಅಷ್ಟರಲ್ಲಿ ಕಾಯಿಲೆಗೆ ಆ ಊರಿನ ಹೆಸರೇ ಅಂಟಿತ್ತು. ಆಗ ಅವರಿಗೆ ಇಂಥ ರೈಲೂ ಇರಲಿಲ್ಲ, ಈ ರೈಲು ಮುಟ್ಟಿಸುವ ಪ್ರಯೋಗಾಲಯಗಳೂ ಇರಲಿಲ್ಲ ಎಂದು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇಳಿದೆವು. ಕಿಯೋನಿಕ್ಸ್‌ನ ಮೊದಲ ಅಧ್ಯಕ್ಷ ಆರ್.ಕೆ. ಬಾಳಿಗರು 1970ರ ದಶಕದಲ್ಲಿ ಕೊಣಪ್ಪನ ಅಗ್ರಹಾರ, ದೊಡ್ಡತೋಗೂರಿನ 332 ಎಕರೆಯಲ್ಲಿ ಕಂಡ ಕನಸು ಈ ಊರು. ಇಲ್ಲಿ ಎಲೆಕ್ಟ್ರಾನಿಕ್ ಸಾಮಾನು, ಆಮೇಲೆ ಸಾಫ್ಟ್‌ವೇರ್ ತಯಾರಾದದ್ದು ಎಲ್ಲರಿಗೂ ಗೊತ್ತು. ಅದೇ ಬೀದಿಗಳ ಬಯೋಟೆಕ್ ಪಾರ್ಕಿನಲ್ಲಿ ಮನುಷ್ಯರ ರಕ್ತದೊಳಗಿನ ಅಕ್ಷರ ಓದುವವರಿದ್ದಾರೆಂದು ನನಗೆ ತಿಳಿದದ್ದು ಈ ಮಗುವಿನಿಂದ. ಪ್ರೊ. ಎಚ್. ಶರತ್‌ಚಂದ್ರ ಅವರು ಕಟ್ಟಿದ, ರಾಜ್ಯ ಸರ್ಕಾರದ ಬೆಂಬಲದ ಮಾನವ ತಳಿವಿಜ್ಞಾನ ಕೇಂದ್ರ ಇರುವುದು ಇಲ್ಲೇ. ಇನ್ನೂ ಮುಂದೆ, ಬೊಮ್ಮಸಂದ್ರದ ಆಸ್ಪತ್ರೆಗಳ ಆವರಣದಲ್ಲೂ ಇಂಥ ಪ್ರಯೋಗಾಲಯವಿದೆ.

ತಳಿವಿಜ್ಞಾನ ಕೇಂದ್ರದ ಸಲಹೆಯ ಕೋಣೆಯಲ್ಲಿ ಮೇಜಿನ ಮೇಲೆ ನಮ್ಮ ವಂಶದ ಚಿತ್ರ ಬಿಡಿಸಿಟ್ಟಿದ್ದರು. ಮೊದಲ ಭೇಟಿಯಲ್ಲಿ ಬರೆದದ್ದು. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಮದುವೆಗೆ ಒಂದು ಗೆರೆ. ಭಾವ ನಮ್ಮ ಸೋದರತ್ತೆಯ ಮಗ. ಆದ್ದರಿಂದ ಅಕ್ಕ, ಭಾವರ ನಡುವೆ ಜೋಡಿ ಗೆರೆ. ಮನೆಯಲ್ಲಿ ಸತ್ತುಹೋದ ಮಕ್ಕಳಿದ್ದವೇ ಎಂದು ಅವತ್ತು ಸಲಹೆಗಾರ್ತಿ ಕೇಳಿದಾಗ ನಾವು ಇಲ್ಲ ಅಂದಿದ್ದೆವು. 'ಅಜ್ಜಿಯನ್ನು ಕೇಳಿ ನೋಡಿ' ಎಂದರು. ಅಕ್ಕ ಸಾಗರಕ್ಕೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು. ಆ ಕಡೆಯಿಂದ ಸುಮಾರು ಹೊತ್ತು ಮಾತಿಲ್ಲ. ಆಮೇಲೆ ಅಜ್ಜಿ, 'ಒಂದಿತ್ತು. ಗಂಡು. ನಿಮ್ಮಪ್ಪನಿಗಿಂತ ಮೊದಲು. ನಿಲ್ತಿತ್ತು, ಆಮೇಲೆ ನಿಲ್ಲದೇ ಹೋಯ್ತು. ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ' ಎಂದರು. ಸಲಹೆಗಾರ್ತಿ ಅಪ್ಪನ ಚೌಕದ ಎಡಕ್ಕೆ ಇನ್ನೊಂದು ಚೌಕ ಬರೆದು, ಅದರ ಮೇಲೊಂದು ಓರೆ ಗೆರೆ ಎಳೆದರು. ಅರವತ್ತಕ್ಕೂ ಹೆಚ್ಚು ವರ್ಷ ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಾರದಿದ್ದ ದೊಡ್ಡಪ್ಪನಿಗೆ ಒಂದು ಕಾಗದದ ಮೇಲೆ ಜಾಗ ಸಿಕ್ಕಿತು. ಆ ಪೆನ್ಸಿಲ್ಲಿನ ಗೆರೆಯನ್ನು ನಾನು ಜನ್ಮದಲ್ಲಿ ಮರೆಯಲಾರೆ.

ಪರೀಕ್ಷೆ ನಡೆಯುವ ಬಗೆಯನ್ನು ಅವರು ಬಿಡಿಸಿ ಹೇಳಿದರು. ಬೇಕಾಗುವುದು ಬರೀ ಎರಡು ಮೂರು ಮಿಲಿಲೀಟರ್ ರಕ್ತ. ಅದರಿಂದ ಡಿಎನ್‌ಎ ತೆಗೆದು ಚೂರು ಮಾಡುತ್ತಾರೆ. ಯಂತ್ರವು ಒಂದೊಂದು ಅಕ್ಷರ ಕೂಡಿದಾಗಲೂ ಹೊಳೆಯುವ ಬಣ್ಣದ ಚಿತ್ರ ತೆಗೆಯುತ್ತ ಕೋಟ್ಯಂತರ ಚೂರುಗಳನ್ನು ಒಟ್ಟಿಗೇ ಓದುತ್ತದೆ. ಒಂದೇ ಪುಸ್ತಕದ ನೂರು ಪ್ರತಿಗಳನ್ನು ಹರಿದು ಬೆರೆಸಿ, ಮತ್ತೆ ಸಾಲಿಗೆ ಸಾಲು ಹೊಂದಿಸಿದ ಹಾಗೆ ಆಮೇಲೆ ಕಂಪ್ಯೂಟರು ಅವನ್ನೆಲ್ಲ ಜೋಡಿಸುತ್ತದೆ. ಮನುಷ್ಯನ ಒಂದು ಜೀನೋಮ್‌ನಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅದನ್ನು ಮೊದಲ ಬಾರಿ ಓದಲು ಜಗತ್ತಿನ ವಿಜ್ಞಾನಿಗಳಿಗೆ 1990ರಿಂದ 2003ರವರೆಗೆ ಹಿಡಿಯಿತು. ನಮ್ಮ ಮಗುವಿನದ್ದು ಕೆಲವು ವಾರಗಳ ಕೆಲಸ! ಅವಳಿಗೆ ಮಾಡಿದ್ದು ಪ್ರೋಟೀನ್ ತಯಾರಿಸುವ ಭಾಗಗಳ ಓದು ಮಾತ್ರ. ಒಟ್ಟು ಬರಹದಲ್ಲಿ ಅದು ಶೇಕಡಾ ಒಂದೆರಡರಷ್ಟು, ಆದರೆ ಗೊತ್ತಿರುವ ತಪ್ಪುಗಳಲ್ಲಿ ಹೆಚ್ಚಿನವು ಸಿಗುವುದು ಅಲ್ಲೇ.

ರಿಪೋರ್ಟಿನಲ್ಲಿ ಒಂದು ಜೀನು ಹೆಸರಿಸಿದ್ದರು. ಅದರ ಎರಡೂ ಪ್ರತಿಗಳಲ್ಲಿ ಒಂದೇ ಅಕ್ಷರ ಬದಲಾಗಿದೆ. ಒಂದು ಅಮ್ಮನದು, ಒಂದು ಅಪ್ಪನದು. ಹಾಗಾದರೆ ಇದೇ ಕಾರಣವೇ? 'ಇರಬಹುದು. ಆದರೆ ಇದು ಅಂತ ಇವತ್ತು ಹೇಳಿದರೆ ಸುಳ್ಳಾಗುತ್ತದೆ' ಎಂದರು ಡಾಕ್ಟರು. ಇಂಥ ಬದಲಾವಣೆಗಳನ್ನು ಖಂಡಿತ ಕಾಯಿಲೆ ತರುವಂಥವು ಎನ್ನುವುದರಿಂದ ಹಿಡಿದು ಖಂಡಿತ ನಿರುಪದ್ರವಿ ಎನ್ನುವವರೆಗೆ ಐದು ಮೆಟ್ಟಿಲಲ್ಲಿ ಇಡುತ್ತಾರೆ. ನಮ್ಮದು ನಟ್ಟನಡುವಿನದು. ಇಬ್ಬರು ಮನುಷ್ಯರ ನಡುವೆ ಇಂಥ ವ್ಯತ್ಯಾಸ ಲಕ್ಷಗಟ್ಟಲೆ. ಅವುಗಳಲ್ಲಿ ತೊಂದರೆಯದು ಯಾವುದು, ನಮ್ಮ ಕಡೆಯ ಜನರಲ್ಲಿ ಸಹಜವಾಗಿಯೇ ಇರುವುದು ಯಾವುದು ಎಂದು ಹೇಳಲು ನಮ್ಮವರ ಜೀನೋಮ್‌ಗಳ ಓದು ಬೇಕು. ಬಹುಕಾಲ ಆ ಓದು ಯುರೋಪಿನ ಮೂಲದವರದ್ದೇ ಹೆಚ್ಚಿತ್ತು. ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆ 10,000 ಭಾರತೀಯರನ್ನು ಓದಿದೆ. ಆ ದತ್ತಾಂಶ ಸಂಶೋಧಕರಿಗೆ ತೆರೆದದ್ದು 2025ರ ಜನವರಿಯಲ್ಲಿ.

'ವರ್ಷ ಎರಡು ವರ್ಷ ಬಿಟ್ಟು ಇದನ್ನೇ ಮತ್ತೆ ಓದಿಸೋಣ, ರಕ್ತ ಬೇಡ' ಎಂದರು. ರಕ್ತ ಅದೇ, ಅಕ್ಷರ ಅದೇ, ಲೋಕದ ತಿಳಿವಳಿಕೆ ಬೆಳೆದಿರುವುದರಿಂದ ಉತ್ತರ ಬದಲಾಗಬಹುದು. ಹಾಗೆ ಮರು ಓದಿನಲ್ಲಿ ಉತ್ತರ ಸಿಕ್ಕ ಮಕ್ಕಳಿದ್ದಾರೆ. ಊಹೆಯನ್ನೇ ಖಚಿತ ಮಾತಿನಂತೆ ಹೇಳಿದವರ ಬಳಿ ನಾವು ವರ್ಷಗಟ್ಟಲೆ ಅಲೆದಿದ್ದೆವು. ಗೊತ್ತಾಗಿಲ್ಲ ಎಂದು ಕಣ್ಣಲ್ಲಿ ಕಣ್ಣಿಟ್ಟು ಹೇಳಿದ ಈ ಡಾಕ್ಟರ ಮುಂದೆ ಅಕ್ಕ ಮೊದಲ ಸಲ ನೀರು ಕೇಳಿ ಕುಡಿದಳು.

ಆಮೇಲೆ ಕೇಳಿದಳು: 'ಸಂಬಂಧದಲ್ಲಿ ಮದುವೆಯಾಗಿದ್ದು ನನ್ನ ತಪ್ಪಾ?' ಸಂಬಂಧದಲ್ಲಿ ಇಬ್ಬರಲ್ಲೂ ಒಂದೇ ದೋಷ ಇರುವ ಸಾಧ್ಯತೆ ಜಾಸ್ತಿ, ಅದನ್ನು ಅವರು ಮುಚ್ಚಿಡಲಿಲ್ಲ. ಆದರೆ ಇಂಥ ಅಡಗಿದ ದೋಷ ಕೆಲವಾದರೂ ಇಲ್ಲದ ಮನುಷ್ಯನೇ ಇಲ್ಲ, ನನ್ನಲ್ಲೂ ಇವೆ ಎಂದರು. ಕಾರಣ ಇದೇ ಎಂದು ಸಾಬೀತಾದರೆ ಮುಂದಿನ ಪ್ರತಿ ಬಸಿರಿಗೂ ನಾಲ್ಕರಲ್ಲಿ ಒಂದು ಪಾಲು ಅಪಾಯ, ಆಗ ಬಸಿರಿನಲ್ಲೇ ಪರೀಕ್ಷಿಸುವ ದಾರಿ ಇದೆ ಎಂದೂ ಹೇಳಿದರು. ಕಾಯಿಲೆಯ ಹೆಸರಿಗೆ ಕಾಯದೆ ಇವತ್ತೇ ಮಾಡಬೇಕಾದ ಕೆಲಸಗಳನ್ನು ಬೇರೆಯೇ ಹಾಳೆಯಲ್ಲಿ ಬರೆದುಕೊಟ್ಟರು. ಫಿಟ್ಸ್ ಮಾತ್ರೆ ತಪ್ಪಿಸಬಾರದು, ನುಂಗುವುದು ಕಷ್ಟವಾಗುತ್ತಿದೆಯೇ ನೋಡಬೇಕು, ದಿನಾ ಸ್ವಲ್ಪ ಹೊತ್ತು ಆಧಾರ ಕೊಟ್ಟು ನಿಲ್ಲಿಸಬೇಕು. ನಿಲ್ಲಿಸುವ ಚೌಕಟ್ಟಿನ ಅಳತೆಯನ್ನು ಫಿಸಿಯೊಥೆರಪಿಸ್ಟ್ ಬಿಡಿಸಿ ತೋರಿಸಿದರು.

ಸಂಜೆ ಪೀಣ್ಯದಲ್ಲಿ ಇಳಿದವರು ಮನೆಗೆ ಹೋಗದೆ ಭಾವ ಟರ್ನರ್ ಆಗಿರುವ ಶೆಡ್ಡಿಗೇ ನಡೆದೆವು. ಕೂಲಂಟ್ ಎಣ್ಣೆಯ ವಾಸನೆ, ಕಾಲ ಕೆಳಗೆ ಸುರುಳಿ ಸುರುಳಿ ಕಬ್ಬಿಣದ ತುರಿ. ಭಾವ ಹಾಳೆಯನ್ನು ಸರ್ಫೇಸ್ ಪ್ಲೇಟಿನ ಮೇಲೆ ಹರಡಿದ. ಪಕ್ಕದ ಶೆಡ್ಡಿನ ವೆಲ್ಡರ್ ಬಂದ, ಪೌಡರ್ ಕೋಟಿಂಗಿನವನೂ ಬಂದ. ಏನು ಕಾಯಿಲೆ ಅಂತ ಅವರಾರೂ ಕೇಳಲಿಲ್ಲ. ಒಂದೂವರೆ ಇಂಚಿನ ಪೈಪು ಭಾರವಾಗುತ್ತದೆ, ಒಂದು ಇಂಚಿನದೇ ಸಾಕು ಎಂದು ಒಬ್ಬ. ಎದೆಯ ಪಟ್ಟಿಗೆ ರೆಕ್ಸಿನ್ ಬೇಡ, ಬೆವರುತ್ತದೆ, ಹತ್ತಿಯ ಬಟ್ಟೆ ಹೊಲಿಸಿ ಎಂದು ಇನ್ನೊಬ್ಬ. ಮಗು ಬೆಳೆದ ಹಾಗೆ ಎತ್ತರಿಸಲು ಎಷ್ಟು ತೂತು ಕೊರೆಯಬೇಕು ಎಂಬಲ್ಲಿ ಮೂವರಿಗೂ ಜಗಳ ಹತ್ತಿತು. ಭಾವ ಮಗಳನ್ನು ಎತ್ತಿ ಕಂಬಕ್ಕೆ ಆನಿಸಿ ನಿಲ್ಲಿಸಿ, ಟೇಪು ಹಿಡಿದು ಹಿಮ್ಮಡಿಯಿಂದ ಕಂಕುಳವರೆಗೆ ಅಳೆದ. 'ಅಷ್ಟೂ ಉದ್ದಕ್ಕೆ ಕೊರೀರಿ' ಎಂದ.