ಕೊನೆಯ ಐದು ನಿಮಿಷ

ಬೆಂಗಳೂರಿನ ಪ್ರೌಢಶಾಲೆಯೊಂದರ ಪಿ.ಟಿ. ಮೇಷ್ಟ್ರ ಜೇಬಿನಲ್ಲಿ ಸದಾ ಒಂದು ಪುಟ್ಟ ನೋಟ್‌ಬುಕ್ ಇರುತ್ತದೆ. ಫುಟ್‌ಬಾಲ್ ಪಂದ್ಯಗಳಲ್ಲಿ ತಮ್ಮ ಹುಡುಗರ ಮೇಲೆ ಬಿದ್ದ ಗೋಲುಗಳನ್ನು ನಿಮಿಷದ ಸಮೇತ ಅದರಲ್ಲಿ ಬರೆದಿಡುವುದು ಅವರ ಹಳೆಯ ಅಭ್ಯಾಸ. ಆ ವರ್ಷದ ಅಂತರಶಾಲಾ ಪಂದ್ಯಾವಳಿಯಲ್ಲಿ ಮೊದಲ ಮೂರು ಪಂದ್ಯಗಳಿಗೆ ಆರು ಗೋಲು. ಅವುಗಳಲ್ಲಿ ಐದು ಬಿದ್ದದ್ದು ವಿರಾಮಕ್ಕೆ ಮುಂಚಿನ, ಇಲ್ಲವೇ ಪಂದ್ಯ ಮುಗಿಯುವ ಮುಂಚಿನ ಐದು ನಿಮಿಷಗಳಲ್ಲಿ.

ಮೂರನೆಯ ಸೋಲಿನ ದಿನ ಮೈದಾನದ ಕಲ್ಲುಮೆಟ್ಟಿಲ ಮೇಲೆ ಕುಳಿತಿದ್ದ ಒಬ್ಬ ತಂದೆ ತಡೆಯಲಾರದೆ ಎದ್ದು ಬಂದರು. ‘ಈ ಹುಡುಗರಿಗೆ ದಮ್ಮೇ ಇಲ್ಲ ಮೇಷ್ಟ್ರೇ. ನಮ್ಮವನಂತೂ ಕೊನೆಗೆ ಸೊಂಟದ ಮೇಲೆ ಕೈಯಿಟ್ಟು ನಿಂತೇಬಿಟ್ಟ. ಮೈಗಳ್ಳ!’

ಪಕ್ಕದಲ್ಲೇ ಬೂಟು ಬಿಚ್ಚುತ್ತಿದ್ದ ಮಗ ತಲೆ ಎತ್ತಲಿಲ್ಲ. ನಾಳೆಯಿಂದ ತಂಡಕ್ಕೆ ಬರುವುದಿಲ್ಲವೆಂದು ಆಗಲೇ ಗೆಳೆಯನ ಹತ್ತಿರ ಹೇಳಿಯಾಗಿತ್ತು.

ಮೇಷ್ಟ್ರು ಕೇಳಿದ್ದು ಒಂದೇ ಮಾತು: ‘ದಮ್ಮಿಲ್ಲದಿದ್ದರೆ ವಿರಾಮ ಮುಗಿದ ಮೇಲೆ ಮತ್ತೆ ಹೇಗೆ ಓಡಿದ ಸಾರ್?’

ಪ್ರಶ್ನೆ ಚಿಕ್ಕದಾದರೂ ವಿಷಯ ಚಿಕ್ಕದಲ್ಲ. ನಮ್ಮ ದೇಶದ ತಂಡವೇ ಒಂದು ಕಾಲಕ್ಕೆ ಇದೇ ತೊಂದರೆಯಲ್ಲಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನೊಡನೆ 1-1ರ ಸಮದಲ್ಲಿತ್ತು. ಬೆಂಗಳೂರಿನ ಅಹಮದ್ ಖಾನ್ ಇದ್ದ ತಂಡ ಅದು. ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದರು. ಎರಡು ಪೆನಾಲ್ಟಿಗಳು ಕೈತಪ್ಪಿದ್ದವು, ಆ ಮಾತು ಬೇರೆ. 89ನೆಯ ನಿಮಿಷದಲ್ಲಿ ಫ್ರಾನ್ಸ್ ಗೆಲುವಿನ ಗೋಲು ಹೊಡೆಯಿತು. 1960ರ ರೋಮ್‌ನಲ್ಲಿ ಅದೇ ಫ್ರಾನ್ಸಿನ ವಿರುದ್ಧ ಪಿ.ಕೆ. ಬ್ಯಾನರ್ಜಿ ಗೋಲು ಹೊಡೆದು ಮುನ್ನಡೆ ತಂದುಕೊಟ್ಟರು. 82ನೆಯ ನಿಮಿಷದಲ್ಲಿ ಫ್ರಾನ್ಸ್ ಅದನ್ನು ಸಮ ಮಾಡಿತು. ಆಗ ನಮ್ಮ ದೇಶದೊಳಗಿನ ಪಂದ್ಯಗಳು ನಡೆಯುತ್ತಿದ್ದುದು 70 ನಿಮಿಷ, ಒಲಿಂಪಿಕ್ಸ್‌ನಲ್ಲಿ 90. ಊರಲ್ಲಿ ಎಂದೂ ಆಡದ ಇಪ್ಪತ್ತು ನಿಮಿಷಗಳನ್ನು ಅವರು ಪರದೇಶದಲ್ಲಿ ಆಡಬೇಕಿತ್ತು. ಸೋಲಿಗೆಲ್ಲ ಇದೊಂದೇ ಕಾರಣವೆನ್ನುವುದು ಅತಿಯಾದೀತು. ಆದರೆ ಅವರನ್ನು ಮೈಗಳ್ಳರೆನ್ನಲು ಯಾರಿಗೆ ಬಾಯಿ ಬಂದೀತು?

ದೇಹಕ್ಕೆ ತಾನು ರೂಢಿ ಮಾಡಿಕೊಂಡಷ್ಟು ಹೊತ್ತು ಮಾತ್ರ ಗೊತ್ತು. ಈ ಶಾಲೆಯ ಹುಡುಗರ ಪಂದ್ಯದಲ್ಲಿ ಪೂರ್ವಾರ್ಧ, ಉತ್ತರಾರ್ಧ ತಲಾ 30 ನಿಮಿಷ. ಸಂಜೆಯ ಅಭ್ಯಾಸದಲ್ಲಿ ತಲಾ 20 ನಿಮಿಷ. ಯಾಕೆಂದರೆ ಆರು ಗಂಟೆಗೆ ಎಲ್ಲರಿಗೂ ಟ್ಯೂಷನ್! ಇದನ್ನು ಮೇಷ್ಟ್ರು ಹೇಳಿದಾಗ ತಂದೆ ಸ್ವಲ್ಪ ಮೆತ್ತಗಾದರು.

ಜೊತೆಗೆ, ಸೀಟಿ ಊದಿದ್ದೇ ತಡ, ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಎಲ್ಲರೂ ಚೆಂಡಿನ ಹಿಂದೆ. ಎಡಬದಿಯಲ್ಲಿ ನಿಲ್ಲಬೇಕಾದವನು ಬಲಬದಿಯಲ್ಲಿರುತ್ತಾನೆ. ಇಂಥ ಓಟಕ್ಕೆ ಬೆಲೆ ತೆರಲೇಬೇಕು. ಡೆನ್ಮಾರ್ಕಿನ ಸಂಶೋಧಕರು 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಗ್ರಶ್ರೇಣಿಯ ಆಟಗಾರರು ಸಹ ಅತಿ ಬಿರುಸಿನ ಐದು ನಿಮಿಷಗಳ ನಂತರದ ಐದು ನಿಮಿಷ ತಮ್ಮ ಸರಾಸರಿಗಿಂತ ಕಡಿಮೆ ಓಡುತ್ತಾರೆ. ಕೊನೆಯ ಕಾಲು ಗಂಟೆಯಲ್ಲಂತೂ ಬಿರುಸಿನ ಓಟ ಎದ್ದುಕಾಣುವಂತೆ ಇಳಿಯುತ್ತದೆ. ವಿರಾಮದಲ್ಲಿ ಉಸಿರು ಹದಕ್ಕೆ ಬರುತ್ತದೆ, ಕಾಲು ಹಗುರಾಗುತ್ತದೆ. ಹುಡುಗರು ಮತ್ತೆ ಚಿಗುರಿದಂತೆ ಕಾಣುವುದು ಅದಕ್ಕೇ. ಆದರೆ ಸ್ನಾಯುಗಳಲ್ಲಿ ಸಂಗ್ರಹವಾದ ಗ್ಲೈಕೋಜೆನ್ ಎಂಬ ಉರುವಲು ಹತ್ತು ನಿಮಿಷದ ವಿರಾಮದಲ್ಲಿ ತುಂಬಿಕೊಳ್ಳುವುದಿಲ್ಲ. ಅದು ಹಿಂದಿನ ರಾತ್ರಿಯ ಮತ್ತು ಬೆಳಗಿನ ಊಟದಿಂದ ಬರಬೇಕು.

‘ಬೆಳಿಗ್ಗೆ ಏನು ತಿಂದೆಯೋ?’ ಮೇಷ್ಟ್ರು ಹುಡುಗನನ್ನು ಕೇಳಿದರು.

‘ಕಾಫಿ ಸಾರ್.’

ತಂದೆ ಆ ಕಡೆ ನೋಡಿದರು. ಎಂಟು ಗಂಟೆಗೆ ಪಂದ್ಯ. ತಿಂದು ಓಡಿದರೆ ಹೊಟ್ಟೆ ಹಿಡಿಯುತ್ತದೆಂದು ಮನೆಯಲ್ಲೇ ಬೇಡವೆಂದಿದ್ದರು. ಇನ್ನು ಗೋಲ್‌ಕೀಪರ್ ಹೊರಡುವ ಗಳಿಗೆಯಲ್ಲಿ ಎರಡು ಮಸಾಲೆ ದೋಸೆ ಹೊಡೆದು ಬಂದಿದ್ದ. ಅದೂ ಅಷ್ಟೇ ತಪ್ಪು. ಆಟಕ್ಕೆ ಎರಡು ಗಂಟೆ ಮೊದಲು ಇಡ್ಲಿಯೋ ಅವಲಕ್ಕಿಯೋ ಹಿತವಾಗಿ ತಿಂದರೆ ಸಾಕು. ನೀರನ್ನಂತೂ ವಿರಾಮದಲ್ಲಿ ಗಟಗಟ ಕುಡಿಯದೆ ಬೆಳಗಿನಿಂದಲೇ ಸ್ವಲ್ಪ ಸ್ವಲ್ಪವಾಗಿ ಕುಡಿಯುತ್ತಿರಬೇಕು.

ಮರುವಾರ ಟ್ಯೂಷನ್ ಆರೂವರೆಗೆ ಹೋಯಿತು. ಹೇಗೆ ಹೋಯಿತೆಂದು ತಂದೆ ಹೇಳಲಿಲ್ಲ, ಮೇಷ್ಟ್ರೂ ಕೇಳಲಿಲ್ಲ. ಅಭ್ಯಾಸದ ಆಟ ತಲಾ 30 ನಿಮಿಷಕ್ಕೆ ಬೆಳೆಯಿತು.

ನಾಲ್ಕನೆಯ ಪಂದ್ಯವನ್ನೂ ಶಾಲೆ 0-1ರಿಂದ ಸೋತಿತು. ಗೋಲು ಬಿದ್ದದ್ದು ಹನ್ನೊಂದನೆಯ ನಿಮಿಷದಲ್ಲಿ. ಮೇಷ್ಟ್ರು ಅದನ್ನು ಬರೆದುಕೊಳ್ಳುತ್ತಿದ್ದಾಗ ತಂದೆ ಹಿಂದಿನಿಂದ ಬಗ್ಗಿ ನೋಡಿದರು. ಕೊನೆಯ ಸೀಟಿಗೆ ಇನ್ನೂ ಎರಡು ನಿಮಿಷವಿತ್ತು. ಎಡಬದಿಯ ಗೆರೆಗುಂಟ ಮಗ ಚೆಂಡಿನೊಡನೆ ಓಡುತ್ತಿದ್ದ.