ಕಾಫಿ ಬೀಜದ ಚೀಲ ಮತ್ತು ನನ್ನ ಬಿ.ಪಿ.

"ಬಿ.ಪಿ. ಇರುವವರು ಭಾರ ಎತ್ತಬಾರದು." ನಮ್ಮ ಮನೆಯಲ್ಲಿ ಈ ಮಾತಿಗೆ ಎದುರಾಡುವವರೇ ಇರಲಿಲ್ಲ. ನನ್ನ ಉಮ್ಮ ತೋಟದ ಇಳಿಜಾರಿನಲ್ಲಿ ಕಟ್ಟಿಗೆಯ ಹೊರೆ ಹೊತ್ತೇ ಬೆಳೆದವರು. ಅವರಿಗೆ ಪಾರ್ಶ್ವವಾಯು ಬಡಿದು ಬಲಗೈ ಸ್ವಾಧೀನ ತಪ್ಪಿದಾಗ, "ಆಯುಷ್ಯವಿಡೀ ಭಾರ ಹೊತ್ತದ್ದೇ ಕಾರಣ" ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಅದುವರೆಗೆ ಅವರ ಬಿ.ಪಿ.ಯನ್ನು ಯಾರೂ ಒಮ್ಮೆಯೂ ಅಳೆದಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ.

ಹಾಗಾಗಿ, ನಲವತ್ತಾರನೇ ವಯಸ್ಸಿನಲ್ಲಿ ನನ್ನ ಬಿ.ಪಿ. 156/98 ಎಂದು ತಿಳಿದಾಗ ನಾನು ಮೊದಲು ಕೈಬಿಟ್ಟದ್ದು ನೀರಿನ ಕೊಡವನ್ನು. ಮಾತ್ರೆ ಶುರುವಾಯಿತು. ಉಪ್ಪಿನಕಾಯಿ, ಒಣಮೀನು ತಟ್ಟೆಯಿಂದ ದೂರವಾದವು. ಕೊಡಗಿನ ಮಳೆಗಾಲದಲ್ಲಿ ಒಣಮೀನಿಲ್ಲದ ಗಂಜಿ ಹೇಗಿರುತ್ತದೆಂದು ಮಾತ್ರ ಕೇಳಬೇಡಿ!

ಮಂಗಳೂರಿನಲ್ಲಿ ಫಿಸಿಯೋಥೆರಪಿ ಓದುತ್ತಿರುವ ಮಗಳು ರಜೆಗೆ ಬಂದವಳೇ ಒಂದು ಬಟ್ಟೆ ಚೀಲಕ್ಕೆ ಕಾಫಿ ಬೀಜ ತುಂಬಿಸಿ ತಕ್ಕಡಿಯಲ್ಲಿಟ್ಟಳು. ಸರಿಯಾಗಿ ಎರಡು ಕಿಲೋ.

"ಉಮ್ಮಾ, ಇದನ್ನು ಎತ್ತಿ."

"ನನ್ನನ್ನೂ ಮಂಚಕ್ಕೆ ಹಾಕಬೇಕೆಂದು ಇದೆಯಾ ನಿನಗೆ?" ನಾನು ರೇಗಿದೆ.

ಅವಳು ಸಮಾಧಾನದಿಂದ ವಿವರಿಸಿದಳು. ನಮ್ಮ ಹೆದರಿಕೆ ಪೂರ್ತಿ ಸುಳ್ಳಲ್ಲವಂತೆ. ಭಾರ ಎತ್ತುವಾಗ ಬಿಗಿದ ಸ್ನಾಯು ರಕ್ತನಾಳಗಳನ್ನು ಒತ್ತುತ್ತದೆ; ಉಸಿರು ಕಟ್ಟಿದರೆ ಎದೆಯೊಳಗಿನ ಒತ್ತಡವೂ ಸೇರಿ ಬಿ.ಪಿ. ಒಮ್ಮೆಲೇ ಜಿಗಿಯುತ್ತದೆ. 1985ರಲ್ಲಿ ಪ್ರಕಟವಾದ ಕೆನಡಾದ ಅಧ್ಯಯನವೊಂದರಲ್ಲಿ, ಕಾಲಿನಿಂದ ಅತಿ ಭಾರ ತಳ್ಳಿದ ಕಟ್ಟುಮಸ್ತಾದ ಯುವಕರ ಬಿ.ಪಿ. ಸರಾಸರಿ 320/250ಕ್ಕೆ ಏರಿತ್ತಂತೆ! ಆದರೆ ಈ ಏರಿಕೆ ಕ್ಷಣಿಕ. ಹದವಾದ ಭಾರವನ್ನು ಉಸಿರು ಕಟ್ಟದೆ, ವಾರಗಟ್ಟಲೆ ಎತ್ತುತ್ತಾ ಬಂದರೆ ರಕ್ತನಾಳಗಳು ಸಡಿಲಗೊಳ್ಳಲು ಕಲಿಯುತ್ತವೆ, ಸುಮ್ಮನೆ ಕುಳಿತಾಗಿನ ಬಿ.ಪಿ. ಇಳಿಯುತ್ತದೆ. 2023ರಲ್ಲಿ 270 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಭಾರ ಎತ್ತುವ ವ್ಯಾಯಾಮದಿಂದ ಮೇಲಿನ ಅಂಕಿ ಸುಮಾರು ನಾಲ್ಕೂವರೆಯಷ್ಟು ಇಳಿದಿತ್ತು, ನಡಿಗೆ ಓಟದಂಥವುಗಳಷ್ಟೇ. ಗೋಡೆಗೆ ಬೆನ್ನು ಕೊಟ್ಟು ಕುರ್ಚಿಯಲ್ಲಿ ಕುಳಿತಂತೆ ಅಲ್ಲಾಡದೆ ನಿಲ್ಲುವಂಥ ವ್ಯಾಯಾಮಗಳಿಂದ ಎಂಟರಷ್ಟು.

"ನಾನು ದಿನವಿಡೀ ಗುಡಿಸಿ ಒರೆಸುತ್ತೇನಲ್ಲ?" ಎಂದೆ. ನೀವೂ ಇದನ್ನೇ ಕೇಳುತ್ತಿದ್ದಿರಿ, ಅಲ್ಲವೇ? ಅದರಲ್ಲಿ ದಣಿವಿದೆ, ಆದರೆ ಸ್ನಾಯುವಿಗೆ ದಿನದಿಂದ ದಿನಕ್ಕೆ ಹೆಚ್ಚುವ ಭಾರವಿಲ್ಲ ಎಂದಳು.

ವೈದ್ಯರನ್ನು ಕೇಳಿದೆವು. ಬಿ.ಪಿ. 180/110ರ ಮೇಲಿದ್ದರೆ ಈ ತಂಟೆಗೆ ಹೋಗಬಾರದು, ನಿಮ್ಮದು ಅಷ್ಟಿಲ್ಲ, ನಿಧಾನವಾಗಿ ಶುರು ಮಾಡಿ ಎಂದರು. ಸುಬಹಿ ನಮಾಝ್ ಮುಗಿಸಿ, ವಾರಕ್ಕೆ ಮೂರು ದಿನ ಚೀಲ ಎತ್ತತೊಡಗಿದೆ. ಎತ್ತುವಾಗ ಗಟ್ಟಿಯಾಗಿ ಎಣಿಸಬೇಕು, ಎಣಿಸುವವಳಿಗೆ ಉಸಿರು ಕಟ್ಟಲು ಆಗುವುದಿಲ್ಲ ಎಂಬುದು ಮಗಳ ಉಪಾಯ. ಹಿಂದೆ ಭತ್ತ ಕುಟ್ಟುವಾಗ ಒನಕೆಯ ಪ್ರತಿ ಏಟಿಗೂ ಹೆಂಗಸರು "ಹ್ಹ" ಎಂದು ಉಸಿರು ಬಿಡುತ್ತಿದ್ದುದು ನೆನಪಾಯಿತು. ಅವರಿಗೆ ಯಾವ ಕಾಲೇಜು ಕಲಿಸಿತ್ತು? ಗೋಡೆಗೆ ಒರಗಿ ನಿಲ್ಲುವುದು ಮೊದಲ ದಿನ ಇಪ್ಪತ್ತು ಸೆಕೆಂಡಿಗೇ ತೊಡೆ ನಡುಗಿಸಿತು. ಎರಡು ನಿಮಿಷ ತಲುಪಲು ಎರಡು ತಿಂಗಳು ಬೇಕಾಯಿತು.

ಮೂರನೇ ತಿಂಗಳು 136/86 ಬಂತು. ಆಗ ನಾನೊಂದು ಮೂರ್ಖತನ ಮಾಡಿದೆ. ಚೀಲವೇ ಸಾಕೆಂದು ಯಾರಿಗೂ ಹೇಳದೆ ಮಾತ್ರೆ ಬಿಟ್ಟೆ. ಹದಿನೈದು ದಿನಕ್ಕೆ 164/100! ತಲೆನೋವಿಲ್ಲ, ತಲೆಸುತ್ತಿಲ್ಲ, ಏನೂ ಇಲ್ಲ. ಉಮ್ಮನಿಗೂ ಹೀಗೆಯೇ ಸದ್ದಿಲ್ಲದೆ ಏರಿದ್ದಿರಬೇಕು. ವೈದ್ಯರು ಗದರಿದರು. ನಾಲ್ಕೋ ಎಂಟೋ ಅಂಕಿ ಇಳಿಸುವ ವ್ಯಾಯಾಮ ಮಾತ್ರೆಯ ಜೊತೆಗಾರ, ಅದರ ಬದಲಿಯಲ್ಲ ಎಂದರು. ಮತ್ತೆ ಮಾತ್ರೆ ಹಿಡಿದೆ.

ಅಳೆಯುವುದನ್ನೂ ಈಗ ಕಲಿತಿದ್ದೇನೆ. ದಿಣ್ಣೆ ಹತ್ತಿ ಬಂದ ಏದುಸಿರಿನಲ್ಲಿ, ಕಾಫಿ ಕುಡಿದ ಬೆನ್ನಿಗೇ ಅಳೆದರೆ ಲೆಕ್ಕ ತಪ್ಪುತ್ತದೆ. ಕಾಫಿ ಕುಡಿದು ಅರ್ಧ ಗಂಟೆಯಾದರೂ ಆಗಿರಬೇಕು, ಐದು ನಿಮಿಷ ಬೆನ್ನು ಒರಗಿಸಿ ಮಾತಿಲ್ಲದೆ ಕೂರಬೇಕು. ನಮ್ಮ ಮನೆಯಲ್ಲಿ ಮಾತಿಲ್ಲದ ಐದು ನಿಮಿಷವೇ ದೊಡ್ಡ ವ್ಯಾಯಾಮ.

ಈಗ ಚೀಲ ನಾಲ್ಕು ಕಿಲೋ. ಮೊದಮೊದಲು ಮುಖ ತಿರುಗಿಸುತ್ತಿದ್ದ ಉಮ್ಮ ಮಂಚದಿಂದಲೇ ನನ್ನ ಮೇಲೆ ಕಣ್ಣಿಟ್ಟಿರುತ್ತಾರೆ. ಗೋಡೆಗೆ ಒರಗಿದೊಡನೆ ಎಡಗೈಯಿಂದ ಮಂಚ ತಟ್ಟುತ್ತಾ, ತೊದಲು ನಾಲಿಗೆಯಲ್ಲಿ ನನಗಿಂತ ಮೊದಲೇ ಎಣಿಸತೊಡಗುತ್ತಾರೆ: "ಒನ್ನ್... ರಂಡ್... ಮೂನ್ನ್..."