ನಂಜು ಉಂಡವನ ಹೆಸರು

ಬೆಂಗಳೂರಿನಲ್ಲಿ ಓದುತ್ತಿರುವ ಮಗಳು ಕಾಲೇಜಿನಲ್ಲಿ ಸ್ಪ್ಯಾನಿಷ್ ಭಾಷೆ ಕಲಿಯುತ್ತಿದ್ದಾಳೆ. ಕಳೆದ ದೀಪಾವಳಿಗೆ ಬಂದಾಗ ಅವಳ ಮೇಷ್ಟರು ಒಂದು ಕೆಲಸ ಹೊರಿಸಿ ಕಳುಹಿಸಿದ್ದರು. ಸ್ಪೇನ್ ದೇಶದ ಯಾವುದಾದರೂ ಒಂದು ಹೆಸರು ಆರಿಸಿಕೊಳ್ಳಬೇಕು, ಆ ಹೆಸರಿನವರಲ್ಲಿ ಹೆಸರುವಾಸಿಯಾದವರು ಯಾರು ಯಾರೆಂದು ಹುಡುಕಬೇಕು, ತರಗತಿಯಲ್ಲಿ ನಿಂತು ಐದು ನಿಮಿಷ ಮಾತನಾಡಬೇಕು. ಅವಳು ಆರಿಸಿಕೊಂಡಿದ್ದು ಡೊಲೊರೆಸ್ ಎಂಬ ಹೆಂಗಸರ ಹೆಸರು.

"ಇದರ ಅರ್ಥ ಗೊತ್ತಾ ಅಪ್ಪ? ನೋವುಗಳು. ಒಂದಲ್ಲ, ಹಲವು ನೋವುಗಳು! ಹೆತ್ತ ಮಗೂಗೆ ಯಾರಾದ್ರೂ ಇಂಥ ಹೆಸರಿಡ್ತಾರಾ?"

ನಾನು ಕಾಫಿ ಲೋಟ ಕೆಳಗಿಟ್ಟೆ. "ಯಾಕಿಡಬಾರದು? ನಿಮ್ಮ ತಾತ ನನಗೆ ವಿಷ ತಿಂದವನು ಅಂತ ಹೆಸರಿಡಲಿಲ್ಲವೇ?" ಎಂದೆ.

ಅವಳು ಒಂದು ಗಳಿಗೆ ಸುಮ್ಮನಾದಳು. ಹುಟ್ಟಿದಾಗಿನಿಂದ ಅವಳ ಹೆಸರಿನ ಮುಂದೆ ಇರುವ 'ಎನ್' ಎಂಬ ಅಕ್ಷರದಲ್ಲಿ ನಂಜು ಇದೆ ಎಂದು ಅವಳಿಗೆ ಹೊಳೆದೇ ಇರಲಿಲ್ಲ. ನಂಜುಂಡ ಎಂದರೆ ನಂಜನ್ನು ಉಂಡವನು. ಸಮುದ್ರ ಕಡೆದಾಗ ಬಂದ ಹಾಲಾಹಲವನ್ನು ಕುಡಿದು ಗಂಟಲಲ್ಲೇ ನಿಲ್ಲಿಸಿಕೊಂಡ ಶಿವ. ಅವನ ಊರು ನಂಜನಗೂಡು. ಅದೇ ನಮ್ಮ ಊರು.

ನಮ್ಮಪ್ಪನದು ದೇವಸ್ಥಾನದ ಹತ್ತಿರ ಒಂದು ಪುಟ್ಟ ಹಣ್ಣುಕಾಯಿ ಅಂಗಡಿ. ತೆಂಗಿನಕಾಯಿ, ಬಾಳೆಹಣ್ಣು, ಕರ್ಪೂರ, ಊದುಬತ್ತಿ, ಬಿಲ್ವಪತ್ರೆ ಮಾರುತ್ತಿದ್ದರು. ನಂಜನಗೂಡಿನ ಬೀದಿಯಲ್ಲಿ ನಿಂತು "ನಂಜುಂಡಾ" ಎಂದು ಕೂಗಿದರೆ ಹತ್ತು ಜನ ತಿರುಗಿ ನೋಡುತ್ತಿದ್ದ ಕಾಲ ಅದು. ನಂಜಪ್ಪ, ನಂಜಯ್ಯ, ನಂಜೇಗೌಡ, ನಂಜುಂಡಶೆಟ್ಟಿ, ನಂಜುಂಡಾಚಾರಿ, ನಂಜುಂಡಾರಾಧ್ಯ, ನಂಜಮ್ಮ, ನಂಜಮ್ಮಣ್ಣಿ. ಬಾಲ ನೋಡಿ ಜಾತಿ ಹೇಳಬಹುದಿತ್ತು, ತಲೆ ಮಾತ್ರ ಎಲ್ಲರದೂ ಒಂದೇ. ಅಲ್ಲಿದ್ದಷ್ಟು ದಿನ ನನಗೂ ನನ್ನ ಹೆಸರಿನಲ್ಲಿ ಏನೋ ವಿಶೇಷವಿದೆ ಎನಿಸಿರಲಿಲ್ಲ.

ತೊಂದರೆ ಶುರುವಾದದ್ದು ನರಸೀಪುರದಲ್ಲಿ. ಅವ್ವನ ತವರು ತಿರುಮಕೂಡಲು ನರಸೀಪುರ. ಹೈಸ್ಕೂಲಿಗೆ ನನ್ನನ್ನು ತಾತನ ಮನೆಯಲ್ಲಿ ಬಿಟ್ಟರು. ನಂಜನಗೂಡಿನ ಕಪಿಲೆಯೇ ಹರಿದು ಬಂದು ಇಲ್ಲಿ ಕಾವೇರಿಯನ್ನು ಸೇರುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ತ್ರಿವೇಣಿ ಎನ್ನುತ್ತಾರೆ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಸುತ್ತಾ ಬಂದಿರುವುದು ಇಲ್ಲೇ. ನೀರು ಅದೇ ಆದರೂ ದೇವರು ಬೇರೆ. ಇಲ್ಲಿರುವವನು ಗುಂಜಾ ನರಸಿಂಹಸ್ವಾಮಿ. ಕಾಶಿಗಿಂತ ಒಂದು ಗುಲಗಂಜಿಯಷ್ಟು ಪುಣ್ಯ ಹೆಚ್ಚು ಎಂದು ಊರಿನವರ ಹೆಮ್ಮೆ. ನನ್ನ ತರಗತಿಯಲ್ಲಿ ನರಸಿಂಹ, ನರಸಿಂಹಮೂರ್ತಿ, ಲಕ್ಷ್ಮೀನರಸಿಂಹ ಎಲ್ಲರೂ ಇದ್ದರು. ನಂಜುಂಡ ನಾನೊಬ್ಬನೇ.

ಹುಡುಗರ ಬಾಯಿಗೆ ಬೀಗ ಯಾರು ಹಾಕಿಯಾರು? ನಮ್ಮ ಕಡೆ ಗಾಯಕ್ಕೆ ಕೀವು ತುಂಬಿದರೆ ನಂಜಾಗಿದೆ ಎನ್ನುತ್ತಾರೆ. ಗಾಯವಿದ್ದಾಗ ಬದನೆಕಾಯಿ ತಿನ್ನಬೇಡ, ನಂಜು ಎನ್ನುತ್ತಾರೆ. ಇಷ್ಟು ಸಾಕಾಯಿತು. ಯಾರಾದರೂ ಬಿದ್ದು ಮಂಡಿ ತರಚಿಕೊಂಡರೆ, "ನಂಜುಂಡನ್ನ ದೂರ ಇಡ್ರೋ, ನಂಜಾಯ್ತದೆ" ಎಂದು ಎಲ್ಲರೂ ನಗುವರು. ಬದನೆಕಾಯಿ ಎಂಬ ಅಡ್ಡಹೆಸರು ಎರಡು ವರ್ಷ ನನ್ನ ಬೆನ್ನು ಬಿಡಲಿಲ್ಲ. ಇವತ್ತಿಗೂ ಎಣ್ಣೆಗಾಯಿ ಮಾಡಿದ ದಿನ ನಾನು ಎರಡನೇ ಸಲ ಬಡಿಸಿಕೊಳ್ಳುವುದಿಲ್ಲ. ಅದು ಹಾಗಿರಲಿ.

ಮಗಳು ತನ್ನ ಡೊಲೊರೆಸ್‌ಗಳನ್ನು ಒಬ್ಬೊಬ್ಬರಾಗಿ ನನ್ನ ಮುಂದೆ ತಂದು ನಿಲ್ಲಿಸಿದಳು. ಏಸುವಿನ ತಾಯಿ ಮೇರಿಗೆ ಸಪ್ತ ದುಃಖಗಳ ಮಾತೆ ಎಂದು ಹೆಸರಂತೆ. ಎದೆಗೆ ಏಳು ಕತ್ತಿಗಳು ನಾಟಿದಂತೆ ಅವಳ ವಿಗ್ರಹ ಮಾಡುತ್ತಾರೆ. ಆ ತಾಯಿಯ ಹೆಸರೇ ಡೊಲೊರೆಸ್. ಆ ದೇಶದವರಿಗೆ ಇದು ಹೊಸತೇನಲ್ಲ. ಒಂಟಿತನ ಎಂಬ ಅರ್ಥದ ಸೊಲೆಡಾಡ್, ಮದ್ದುಗಳು ಎಂಬ ಅರ್ಥದ ರೆಮೆಡಿಯೊಸ್, ಕರುಣೆಗಳು ಎಂಬ ಅರ್ಥದ ಮರ್ಸೆಡಿಸ್ ಎಲ್ಲವೂ ಅದೇ ಮೇರಿಯ ಬಿರುದುಗಳಿಂದ ಬಂದ ಹೆಸರುಗಳು. ನಾವು ಬಾಯಿ ಬಿಟ್ಟುಕೊಂಡು ನೋಡುವ ಮರ್ಸಿಡಿಸ್ ಕಾರಿಗೆ ಹೆಸರು ಬಂದದ್ದೂ ಎಮಿಲ್ ಯೆಲಿನೆಕ್ ಎಂಬ ವ್ಯಾಪಾರಿಯ ಮಗಳಿಂದ. ಪಿಲಾರ್ ಎಂಬ ಹೆಸರೂ ಇದೆ, ಹಾಗೆಂದರೆ ಕಂಬ. ಸಾರಗೋಸಾ ಎಂಬ ಊರಿನ ಕಂಬದ ಮಾತೆಯಿಂದ ಬಂದದ್ದು. ನರಸೀಪುರದ ತಾತ ಇದ್ದಿದ್ದರೆ, "ನಮ್ಮ ನರಸಿಂಹನೂ ಕಂಬದಿಂದಲೇ ಬಂದವನು ಕಣಮ್ಮ" ಎಂದು ಮೊಮ್ಮಗಳ ಮುಂದೆ ಕುರ್ಚಿ ಎಳೆದುಕೊಂಡು ಕೂತುಬಿಡುತ್ತಿದ್ದರು.

ಮದ್ದಿನ ಹೆಸರು ಕೇಳಿ ನನಗೆ ನೆನಪಾದದ್ದು ನಮ್ಮ ನಂಜುಂಡನೇ. ಟಿಪ್ಪು ಸುಲ್ತಾನನ ಪಟ್ಟದಾನೆಯ ಕಣ್ಣು ಹೋಗಿ, ಇಲ್ಲಿ ಹರಕೆ ಹೊತ್ತ ಮೇಲೆ ವಾಸಿಯಾಯಿತೆಂದೂ, ಅವನು ಪಚ್ಚೆಯ ಲಿಂಗ ಅರ್ಪಿಸಿ ದೇವರನ್ನು 'ಹಕೀಂ ನಂಜುಂಡ' ಎಂದು ಕರೆದನೆಂದೂ ಊರಿನಲ್ಲಿ ಎಲ್ಲರೂ ಹೇಳುತ್ತಾರೆ. ಹಕೀಂ ಎಂದರೆ ವೈದ್ಯ. ವಿಷ ಕುಡಿದವನೇ ವೈದ್ಯನಾದ.

ಮೊದಲನೆಯ ಡೊಲೊರೆಸ್ ಹುಟ್ಟಿದ್ದು 1895ರಲ್ಲಿ, ಸ್ಪೇನಿನ ಗಣಿ ಪ್ರದೇಶದ ಒಂದು ಊರಿನಲ್ಲಿ. (ನರಸೀಪುರದವರು ನಮ್ಮವರೆನ್ನುವ ಪಿಟೀಲು ಚೌಡಯ್ಯನವರು ಹುಟ್ಟಿದ ವರ್ಷವೂ ಅದೇ.) ಡೊಲೊರೆಸ್ ಇಬಾರುರಿ ಗಣಿಕಾರ್ಮಿಕನ ಮಗಳು, ಗಣಿಕಾರ್ಮಿಕನ ಹೆಂಡತಿ. ಹೆತ್ತ ಆರು ಮಕ್ಕಳಲ್ಲಿ ನಾಲ್ವರನ್ನು ಎಳವೆಯಲ್ಲೇ ಕಳೆದುಕೊಂಡವಳು. 1936ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ, ಶತ್ರು ಒಳಗೆ ಬರಲಾರ ಎಂದು ಅವಳು ರೇಡಿಯೋದಲ್ಲಿ ಆಡಿದ ಮಾತು ಲೋಕಪ್ರಸಿದ್ಧವಾಯಿತು. ಆದರೆ ಶತ್ರು ಬಂದೇ ಬಂದ. ಅವಳು ದೇಶ ಬಿಟ್ಟು ರಷ್ಯಾ ಸೇರಿ, 1977ರಲ್ಲಿ ಮುದುಕಿಯಾಗಿ ಹಿಂತಿರುಗಿ ಮತ್ತೆ ಸಂಸತ್ತಿಗೆ ಆರಿಸಿ ಬಂದಳು. 1989ರಲ್ಲಿ ತೀರಿಕೊಂಡಳು.

ಎರಡನೆಯವಳು ಮೆಕ್ಸಿಕೋದ ಸಿನಿಮಾ ತಾರೆ ಡೊಲೊರೆಸ್ ಡೆಲ್ ರಿಯೊ. ಹಾಲಿವುಡ್ಡಿಗೆ ಹೋದವರು ಹೆಸರು ಬದಲಾಯಿಸಿಕೊಳ್ಳುತ್ತಿದ್ದ ಕಾಲದಲ್ಲೂ ಅವಳು ನೋವಿನ ಹೆಸರನ್ನೇ ಇಟ್ಟುಕೊಂಡು ಗೆದ್ದಳು. ಆಗ ನನಗೆ ಸ್ವಲ್ಪ ನಾಚಿಕೆಯಾಯಿತು. ಏಕೆಂದು ಆಮೇಲೆ ಹೇಳುತ್ತೇನೆ.

ಮೂರನೆಯವಳು ಡೊಲೊರೆಸ್ ಹುಯೆರ್ಟಾ. 1930ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಹುಟ್ಟಿದವಳು. ಶಾಲೆಯಲ್ಲಿ ಪಾಠ ಹೇಳುತ್ತಿದ್ದಾಗ, ಕೂಲಿಕಾರರ ಮಕ್ಕಳು ಹಸಿದುಕೊಂಡು ಬರಿಗಾಲಲ್ಲಿ ಬರುವುದನ್ನು ನೋಡಲಾರದೆ ಕೆಲಸ ಬಿಟ್ಟಳು. ಸೀಸರ್ ಚಾವೆಜ್ ಜೊತೆ 1962ರಲ್ಲಿ ಹೊಲಗೂಲಿಗಳ ಸಂಘ ಕಟ್ಟಿದಳು. 1965ರಿಂದ ಐದು ವರ್ಷ ನಡೆದ ದ್ರಾಕ್ಷಿ ತೋಟದ ಮುಷ್ಕರದಲ್ಲಿ ಅಮೆರಿಕದ ಜನ ದ್ರಾಕ್ಷಿ ಕೊಳ್ಳುವುದನ್ನೇ ಬಿಡುವಂತೆ ಮಾಡಿದಳು. 2012ರಲ್ಲಿ ಅಧ್ಯಕ್ಷರ ಕೈಯಿಂದ ಆ ದೇಶದ ದೊಡ್ಡ ಪದಕ ಬಂತು.

"ಇವಳಿಗೆ ಜೋಡಿ ನಮ್ಮಲ್ಲೂ ಇದ್ದಾರೆ ಮಗಳೇ" ಎಂದೆ ನಾನು, "ಅದೂ ನನ್ನ ಹೆಸರಿನವರೇ."

ಎಂ.ಡಿ. ನಂಜುಂಡಸ್ವಾಮಿ ಕಾನೂನು ಮೇಷ್ಟರು. ಅದಕ್ಕೇ ಎಲ್ಲರ ಬಾಯಲ್ಲೂ ಪ್ರೊಫೆಸರ್. 1980ರ ರೈತ ಚಳವಳಿಯಿಂದ ಮೇಲೆದ್ದ ರಾಜ್ಯ ರೈತ ಸಂಘದ ನಾಯಕ. ನಾವು ಕಾಲೇಜಿನಲ್ಲಿದ್ದಾಗ ಹೆಗಲ ಮೇಲೆ ಹಸಿರು ಶಾಲು ಹಾಕಿಕೊಂಡ ರೈತರು ಕಚೇರಿಗೆ ಬಂದರೆ ಅಧಿಕಾರಿಗಳು ಎದ್ದು ನಿಲ್ಲುತ್ತಿದ್ದರು. ಅಷ್ಟರ ಮಟ್ಟಿಗೆ ರೈತನ ಬೆನ್ನು ನೆಟ್ಟಗಾಗಿತ್ತು. ಬಿತ್ತನೆ ಬೀಜ ಕಂಪನಿಗಳ ಸೊತ್ತಾಗಬಾರದೆಂದು ಅವರು ಮಾಡಿದ ಹೋರಾಟವನ್ನೂ, 1998ರಲ್ಲಿ ಪರೀಕ್ಷೆಗೆಂದು ಬೆಳೆದಿದ್ದ ಹತ್ತಿಯನ್ನು ಕಿತ್ತು ಸುಟ್ಟದ್ದನ್ನೂ ಒಪ್ಪುವವರಿದ್ದಾರೆ, ಒಪ್ಪದವರೂ ಇದ್ದಾರೆ. 2004ರಲ್ಲಿ ಅವರು ತೀರಿಕೊಂಡಾಗ ಹಣ್ಣುಕಾಯಿ ಅಂಗಡಿಯ ನಮ್ಮಪ್ಪ, "ನಂಜು ಉಣ್ಣೋದು ಅಂದ್ರೆ ಅದು ಕಣಪ್ಪ" ಎಂದು ಒಂದೇ ಮಾತು ಆಡಿ ಸುಮ್ಮನಾದರು.

ಮಗಳು ಪುಸ್ತಕ ಪೆನ್ನು ತೆಗೆದಳು. ನನಗೂ ಹುರುಪು ಬಂತು. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಹುಟ್ಟಿದಾಗ ಅದರ ಮೊದಲ ಕುಲಪತಿ ಎಚ್.ವಿ. ನಂಜುಂಡಯ್ಯ. ಅದರ ಹಿಂದಿನ ವರ್ಷ ಬೆಂಗಳೂರಿನಲ್ಲಿ ನಡೆದ ಮೊಟ್ಟಮೊದಲ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರೂ ಅವರೇ. ಮೈಸೂರು ಸೀಮೆಯ ಜಾತಿ ಬುಡಕಟ್ಟುಗಳ ವಿವರವನ್ನು ಕಲೆಹಾಕುವ ಕೆಲಸಕ್ಕೆ ಕೈಹಾಕಿದವರೂ ಅವರು. 1920ರಲ್ಲಿ ಅವರು ಕಾಲವಾದ ಮೇಲೆ ಅನಂತಕೃಷ್ಣ ಅಯ್ಯರ್ ಅದನ್ನು ಪೂರೈಸಿದರು. ಎಲ್ಲ ಜಾತಿಗಳ ಪಟ್ಟಿ ಮಾಡಹೊರಟವರ ಹೆಸರು ಎಲ್ಲ ಜಾತಿಗಳಲ್ಲೂ ಇರುವ ಹೆಸರೇ ಆಗಿತ್ತು ಎಂಬುದು ನನಗೆ ಯಾವಾಗಲೂ ತಮಾಷೆಯಾಗಿ ಕಾಣುತ್ತದೆ. ಇನ್ನೊಬ್ಬರು ಅರ್ಥಶಾಸ್ತ್ರಜ್ಞ ಡಿ.ಎಂ. ನಂಜುಂಡಪ್ಪ. ಅವರ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಲೆಕ್ಕ ಹಾಕಿ ತೋರಿಸಿತು. ಉತ್ತರ ಕರ್ನಾಟಕದಲ್ಲಿ ನಂಜುಂಡಪ್ಪ ವರದಿ ಎಂಬ ಮಾತು ಕೇಳದವರಿಲ್ಲ.

"ಹೆಂಗಸರು ಯಾರೂ ಇಲ್ಲವಾ?" ಎಂದಳು. ಇದ್ದಾರೆ. ಕೆಂಪನಂಜಮ್ಮಣ್ಣಿಯವರು. ದೊರೆ ಹತ್ತನೆಯ ಚಾಮರಾಜ ಒಡೆಯರು 1894ರ ಕೊನೆಯಲ್ಲಿ ದೂರದ ಕಲ್ಕತ್ತೆಯಲ್ಲಿ ತೀರಿಕೊಂಡಾಗ ಈಕೆಗೆ ಇಪ್ಪತ್ತೆಂಟು ವರ್ಷ. ಮಗ ಇನ್ನೂ ಹುಡುಗ. 1902ರವರೆಗೆ ತಾವೇ ರಾಜ್ಯ ನೋಡಿಕೊಂಡರು. ಪ್ಲೇಗು ಬಂದದ್ದೂ ಆಗಲೇ, ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋದದ್ದೂ ಆಗಲೇ. ನಮ್ಮ ಕಪಿಲೆಯ ನೀರೂ ನರಸೀಪುರದಲ್ಲಿ ಕಾವೇರಿಗೆ ಸೇರಿ ಆ ಶಿವನಸಮುದ್ರಕ್ಕೇ ಹೋಗುತ್ತದೆ. ಮಗಳು ಈ ಹೆಸರಿನ ಕೆಳಗೆ ಎರಡು ಗೆರೆ ಎಳೆದಳು.

ಈಗ ನನ್ನ ನಾಚಿಕೆಯ ಸಂಗತಿ. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೆಸರು ಕಳುಹಿಸುವ ಮೊದಲು ಮೇಷ್ಟರು, "ಹೆಸರು, ಹುಟ್ಟಿದ ತಾರೀಖು ಏನಾದರೂ ತಿದ್ದಬೇಕಿದ್ದರೆ ತಂದೆಯ ರುಜು ಹಾಕಿಸಿಕೊಂಡು ಬನ್ನಿ. ಆಮೇಲೆ ಬ್ರಹ್ಮ ಬಂದರೂ ಆಗುವುದಿಲ್ಲ" ಎಂದರು. ನನಗೆ ಬೇಕಾದದ್ದು ಅದೇ. ಬದನೆಕಾಯಿಯಿಂದ ಬಿಡುಗಡೆಗೆ ನಾನು ಕಂಡುಕೊಂಡಿದ್ದ ದಾರಿ ಶ್ರೀಕಂಠ ಎಂಬ ಹೆಸರು. ದೇವರು ಅದೇ, ಕೊರಳೂ ಅದೇ, ನಂಜು ಮಾತ್ರ ಕಾಣುವುದಿಲ್ಲ. ಅಲ್ಲದೆ ಆ ಹೆಸರಿಗೆ ಒಂದು ಘನತೆಯಿತ್ತು. ಪಠ್ಯಪುಸ್ತಕದಲ್ಲಿ ಬಿ.ಎಂ. ಶ್ರೀಕಂಠಯ್ಯನವರಿದ್ದರು. ಬಿ.ಎಂ.ಶ್ರೀ, ತೀ.ನಂ.ಶ್ರೀ ಎಂದು ಎಷ್ಟು ಚೆಂದಾಗಿ ಚಿಕ್ಕದಾಗುತ್ತದೆ! ನಂಜುಂಡ ಚಿಕ್ಕದಾದರೆ ನಂಜ. ಇತಿಹಾಸದ ದೊಡ್ಡ ವಿದ್ವಾಂಸರಾದ ಎಸ್. ಶ್ರೀಕಂಠಶಾಸ್ತ್ರಿಗಳು 1904ರಲ್ಲಿ ಹುಟ್ಟಿದ್ದು ನಮ್ಮ ನಂಜನಗೂಡಿನಲ್ಲೇ ಎಂದು ಯಾರೋ ಹೇಳಿದ್ದೂ ನನ್ನ ವಾದಕ್ಕೆ ಬಲ ಕೊಟ್ಟಿತು. ಮೈಸೂರಿನ ಶ್ರೀಕಂಠದತ್ತ ನರಸಿಂಹರಾಜ ಒಡೆಯರ ಹೆಸರಿನಲ್ಲಂತೂ ಅಪ್ಪನ ಊರಿನವನೂ ಅವ್ವನ ಊರಿನವನೂ ಒಟ್ಟಿಗೇ ಇದ್ದರು.

ಬಿಳಿ ಹಾಳೆಯಲ್ಲಿ ಮುಖ್ಯೋಪಾಧ್ಯಾಯರಿಗೆ ಮನವಿ ಬರೆದುಕೊಂಡು ಊರಿಗೆ ಬಂದೆ. ಚಿಕ್ಕ ಜಾತ್ರೆಯ ಸಮಯ. ಅಪ್ಪ ಅಂಗಡಿಯಲ್ಲಿ ಕೂತೇ ಹಾಳೆ ಓದಿದರು. ಎರಡು ಸಲ ಓದಿದರು. "ಅವನೂ ಇವನೂ ಒಬ್ಬನೇ ಬುಡು" ಎಂದು ಪೆನ್ನು ಇಸಕೊಂಡು ರುಜು ಹಾಕಿ, ಗಿರಾಕಿಗೆ ಕಾಯಿ ಕೊಟ್ಟರು.

ಆ ರಾತ್ರಿ ಅವ್ವ ಹೇಳಿದಳು. ನನಗಿಂತ ಮುಂಚೆ ಅವಳಿಗೆ ಎರಡು ಮಕ್ಕಳು ಹುಟ್ಟಿ, ಎರಡೂ ವರ್ಷ ತುಂಬುವ ಮೊದಲೇ ಹೋಗಿದ್ದವು. ನನಗೂ ಮೂರನೇ ತಿಂಗಳಿಗೆ ಜ್ವರ ಬಂದು ಆಸೆ ಬಿಟ್ಟಿದ್ದರು. ಅಪ್ಪ ಕಪಿಲೆಯಲ್ಲಿ ಮುಳುಗಿ ಒದ್ದೆ ಬಟ್ಟೆಯಲ್ಲೇ ದೇವಸ್ಥಾನದ ಸುತ್ತ ಉರುಳುಸೇವೆ ಮಾಡಿದರು. ಆ ದೇವಸ್ಥಾನ 385 ಅಡಿ ಉದ್ದ, 160 ಅಡಿ ಅಗಲ. ನಾನು ಆಮೇಲೆ ಲೆಕ್ಕ ಹಾಕಿದೆ, ಒಂದು ಸುತ್ತಿಗೆ ಸಾವಿರ ಅಡಿ ದಾಟುತ್ತದೆ. "ಮೊಣಕೈ ಎಲ್ಲಾ ಕಿತ್ತೋಗಿತ್ತು ಕಣ್ ಮಗ" ಎಂದಳು ಅವ್ವ. ಬೈಯಲಿಲ್ಲ. ಬೇಡ ಎಂದೂ ಹೇಳಲಿಲ್ಲ.

ಇದನ್ನು ಕೇಳಿ ಮನಸ್ಸು ಬದಲಾಯಿಸಿದೆ ಎಂದು ನಾನು ಎಷ್ಟೋ ವರ್ಷ ಎಲ್ಲರ ಮುಂದೆ ಹೇಳಿಕೊಂಡಿದ್ದೇನೆ. ಮಗಳ ಮುಂದೆ ಸುಳ್ಳು ಹೇಳಲಾಗಲಿಲ್ಲ. ನನ್ನ ಮನಸ್ಸು ಬದಲಾಗಿರಲಿಲ್ಲ. ಜಾತ್ರೆಯ ವ್ಯಾಪಾರದಲ್ಲಿ ಅಪ್ಪನಿಗೆ ಕೈ ಸಾಲದೆ, ನಾನು ಎರಡು ದಿನ ಅಂಗಡಿಯಲ್ಲಿ ನಿಂತೆ. ನರಸೀಪುರಕ್ಕೆ ಮರಳುವ ಹೊತ್ತಿಗೆ ಮೇಷ್ಟರು ಪಟ್ಟಿ ಕಳುಹಿಸಿ ಒಂದು ದಿನವಾಗಿತ್ತು. ನಂಜುಂಡನ ಕಾಯಿ ಮಾರುತ್ತಾ ನಾನು ನಂಜುಂಡನಾಗಿಯೇ ಉಳಿದೆ.

ಆ ಹಾಳೆ ಈಗಲೂ ನನ್ನ ಹತ್ತಿರವಿದೆ, ಹಳೆಯ ಅಂಕಪಟ್ಟಿಗಳ ಜೊತೆ. ಮಗಳು ತರಗತಿಯಲ್ಲಿ ತೋರಿಸಲು ಬೇಕೆಂದು ಹಟ ಹಿಡಿದು ತೆಗೆಸಿದಳು. ಮಡಿಕೆಯ ಕಡೆ ಹರಿದಿದೆ, ಶಾಯಿ ಮಾಸಿಲ್ಲ. ಈಗಿನ ಹೆಸರು, ಬೇಕಾದ ಹೆಸರು ಎಂದು ಎರಡು ಸಾಲು. ಮೂರನೆಯ ಸಾಲಿನಲ್ಲಿ ಬದಲಾವಣೆಗೆ ಕಾರಣ ಎಂದಿದೆ. ಅಲ್ಲಿ ನನ್ನದೇ ದುಂಡನೆಯ ಅಕ್ಷರದಲ್ಲಿ, 'ತಂದೆ ಇಟ್ಟ ಹೆಸರು ಚೆನ್ನಾಗಿಲ್ಲ' ಎಂದು ಬರೆದಿದೆ. ಅದರ ಕೆಳಗೆ ಅಪ್ಪನ ರುಜು.